ರಾಜದಂಡದ ತೂತು

ನನ್ನ ಮದುವೆಯಾದ ವರ್ಷವೇ ನಮ್ಮ ಅಡುಗೆಮನೆಯ ನೆಲದಲ್ಲಿ ಒಂದು ಇಟ್ಟಿಗೆ ತಲೆ ಎತ್ತಿತು. ಹೊಸದಾಗಿ ಬಂದಿದ್ದ ಕಾಶವ್ವ ಅದಕ್ಕೆ ಎಡವಿ, ಹೆಬ್ಬೆರಳು ಹಿಡಿದುಕೊಂಡು ಕೂತು, ಮೊದಲು ನನ್ನನ್ನೂ ಆಮೇಲೆ ಇಟ್ಟಿಗೆಯನ್ನೂ ಬೈದಳು. "ನಮ್ಮೂರಾಗ ಹಿಂಗ. ಕೆಳಗಿನ ಊರು ಮ್ಯಾಲೆ ಬರಾಕತ್ತೈತಿ. ರೂಢಿ ಆಗ್ತೈತಿ ಬಿಡು" ಎಂದು ನಾನು ಸಮಾಧಾನ ಹೇಳಿದೆ. ಅವಳ ತವರಿನಲ್ಲಿ ನೆಲ ಹಾಕಿದಲ್ಲೇ ಬಿದ್ದಿರುತ್ತದಂತೆ. ಅಂಥ ಊರಲ್ಲಿ ಜನ ಹೊತ್ತು ಹೇಗೆ ಕಳೆಯುತ್ತಾರೋ ನನಗೆ ತಿಳಿಯದು.

ನಮ್ಮಲ್ಲಿ ಆ ಚಿಂತೆಯಿಲ್ಲ. ಈ ಸುಗ್ಗಿಗೆ ಗೋಡೆಯ ತಲೆ ಕಂಡರೆ ಬರುವ ಸುಗ್ಗಿಗೆ ಅದು ಮೊಣಕಾಲಿಗೆ ಬಂದಿರುತ್ತದೆ. ಯಾರ ಮನೆಯಲ್ಲಿ ಎದ್ದರೂ ಅದೇ ಸುಟ್ಟ ಇಟ್ಟಿಗೆ, ಅದೇ ಅಳತೆ. ಶಾಲೆಯ ಒಂದು ಕೋಣೆಯಲ್ಲಿ ಬಾವಿಯೇ ಎದ್ದಿದೆ. ಮಾಸ್ತರರು ಅದರ ಸುತ್ತ ಬೆಂಚು ಹಾಕಿ ಪಾಠ ಮಾಡುತ್ತಾರೆ, ಲೆಕ್ಕ ತಪ್ಪಿದವರನ್ನು ಅದರೊಳಗೆ ಇಣುಕಲು ಕಳಿಸುತ್ತಾರೆ. ಪಾಲಿಗಾಗಿ ಕೋರ್ಟು ಹತ್ತಿದ್ದ ಅಣ್ಣತಮ್ಮಂದಿರ ಪಡಸಾಲೆಯ ನಟ್ಟನಡುವೆ ಒಂದು ಗೋಡೆ ಎದ್ದು ದಾವೆಯನ್ನೇ ಮುಗಿಸಿತು. ಇಬ್ಬರ ವಕೀಲರೂ ಗೋಡೆಗೆ ಹಿಡಿಶಾಪ ಹಾಕಿ ಎದ್ದುಹೋದರು. ಗಂಡಹೆಂಡಿರ ಹಾಸಿಗೆಯ ನಡುವೆ ಎದ್ದ ಗೋಡೆಗಳೂ ಉಂಟು. ಅದಕ್ಕಾಗಿ ಯಾರೂ ಗೊಳೋ ಎಂದು ಅತ್ತದ್ದನ್ನು ನಾನು ಕಂಡಿಲ್ಲ.

ಇದಕ್ಕೆಲ್ಲ ಊರಲ್ಲಿ ಎರಡು ಕಟ್ಟಳೆಗಳಿವೆ. ಎದ್ದದ್ದನ್ನು ಯಾರೂ ಒಡೆಯುವಂತಿಲ್ಲ, ಮುಚ್ಚುವಂತಿಲ್ಲ, ಇದು ಮೊದಲನೆಯದು. ಹಳೆಯ ಮನೆ ಒಂದೇ ಆಗಿದ್ದು ಅದು ಈಗಿನ ಇಬ್ಬರ ಮನೆಗಳಲ್ಲಿ ಹಂಚಿ ಎದ್ದರೆ, ಅದರ ಒಲೆ ಯಾರ ಕಡೆ ಎದ್ದಿದೆಯೋ ಪೂರ್ತಿ ಮನೆ ಅವರದು, ಇದು ಎರಡನೆಯದು. ಎರಡನ್ನೂ ಮಾಡಿದವರು ಭುಜಂಗರಾವ್ ದೇಸಾಯಿಯವರ ಅಜ್ಜ. ಊರಲ್ಲಿ ಕಟ್ಟಳೆ ಮಾಡುವುದು ದೇಸಾಯರ ಮನೆತನದ ಕೆಲಸ, ಅದರಂತೆ ನಡೆಯುವುದು ಉಳಿದವರ ಕೆಲಸ.

ಎರಡನೆಯ ಕಟ್ಟಳೆಯ ರುಚಿಯನ್ನು ಊರಿಗೆ ತೋರಿಸಿದವರು ಭುಜಂಗರಾಯರೇ. ಅವರ ದೊಡ್ಡಮನೆಯಾದ ವಾಡೆಯ ಪಕ್ಕಕ್ಕೆ ಸಿಂಪಿಗರ ಮಲ್ಹಾರಿಯ ಮನೆ. ಅವನ ಮುಂದಿನ ಕೋಣೆಯಲ್ಲಿ ಎದ್ದ ಗೋಡೆ ಹಾಗೇ ವಾಡೆಯ ಹಿತ್ತಲಿಗೆ ಮುಂದುವರಿಯಿತು, ಹಿತ್ತಲಲ್ಲಿ ಒಂದು ಒಲೆ ಎದ್ದಿತು. ರಾಯರು ಪಂಚರನ್ನು ಕರೆಸಿ ಒಲೆ ತೋರಿಸಿದರು. ಸಂಜೆಯೊಳಗೆ ಮಲ್ಹಾರಿಯ ಹೊಲಿಗೆ ಮಷಿನ್ನು ಜಗಲಿಗೆ ಬಂತು, ಅವನ ಕೋಣೆಯಲ್ಲಿ ರಾಯರ ಎಮ್ಮೆಗಳ ಹೊಟ್ಟು ತುಂಬಿತು. "ಕಟ್ಟಳೆ ಅಂದಮ್ಯಾಲೆ ಕಟ್ಟಳೆನ ಮಲ್ಹಾರಿ. ನಾ ಏನರ ಹೊಸಾದು ಹೇಳ್ಲಿಕ್ಹತ್ತೇನೇನು?" ಎಂದು ರಾಯರು ಅವನ ಬೆನ್ನು ತಟ್ಟಿದರು. ಮಲ್ಹಾರಿ ಮೊದಲೇ ಮಾತಿನ ಮನುಷ್ಯನಲ್ಲ, ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಾನೆ. ಅವನ ಹೆಂಡತಿ ಆ ಕೋಣೆಯಲ್ಲಿದ್ದ ಕೊಡದ ನೀರನ್ನು ಅಲ್ಲೇ ನೆಲಕ್ಕೆ ಚೆಲ್ಲಿ ಹೊರಗೆ ಬಂದಳು. ಜಾಗ ಬಿಡುವವರು ಅಲ್ಲಿಯ ನೀರನ್ನು ಅಲ್ಲೇ ಚೆಲ್ಲಿ ಬರುವುದು ನಮ್ಮೂರ ಪದ್ಧತಿ. ನೀರು ಜೊತೆಗೆ ಒಯ್ದರೆ ಮನೆ ಬೆನ್ನು ಹತ್ತಿ ಬರುತ್ತದೆ ಎನ್ನುತ್ತಾರೆ. ಮನೆಗಳು ತಾವಾಗಿ ಎದ್ದು ಬರುವ ಊರಲ್ಲಿ ಇಂಥ ವಿಷಯದಲ್ಲಿ ಜನ ಹುಷಾರಾಗಿರುತ್ತಾರೆ.

ಇನ್ನು ನಾನು. ನಾನು ಪೇಂಟರ್ ಯಮನಪ್ಪ, ಬೋರ್ಡು ಬರೆಯುವವನು. ನಮ್ಮ ಓಣಿ ಇರುವುದು ವಾಡೆಯ ಬೆನ್ನಿಗೆ. ನಮ್ಮ ಅಡುಗೆಮನೆಯ ಗೋಡೆಯೂ ವಾಡೆಯ ಹಿಂದಿನ ಗೋಡೆಯೂ ಒಂದಕ್ಕೊಂದು ಒರಗಿಕೊಂಡಿವೆ. ಆ ಕಡೆ ರಾಯರು ಕೆಮ್ಮಿದರೆ ಈ ಕಡೆ ನಮ್ಮ ಹಿಟ್ಟಿನ ಡಬ್ಬಿ ಅಲುಗುತ್ತದೆ. ಓಣಿಗೆ ಹೇಳಿಕೊಳ್ಳುವಂಥ ಹೆಸರಿಲ್ಲ, ಹಿಂದಿನ ಓಣಿ ಎಂದರೆ ಸಾಕು.

ಒಂದು ಕಾಲದಲ್ಲಿ ನಾನು ಬರೆಯುತ್ತಿದ್ದದ್ದು 'ಇಲ್ಲಿ ಗಿರಣಿ ಇದೆ', 'ಇಲ್ಲಿ ಉಗುಳಬೇಡಿ' ಇಷ್ಟೇ. ನನ್ನ ದೆಸೆ ತಿರುಗಿದ್ದು ಪ್ರೊಫೆಸರ್ ಚಂದ್ರಮೌಳಿಯವರು ಬಂದಮೇಲೆ. ಪೇಟೆಯ ಕಡೆಯ ಮನುಷ್ಯ, ತೆಳ್ಳಗೆ, ಕೊರಳಲ್ಲಿ ಭೂತಗನ್ನಡಿ. ಬಂದವರೇ ನಮ್ಮೂರಿನ ಕೆಳಗೆ ಇರುವುದು ಹರಪ್ಪದ ಜನರ ನಗರ, ನಾಲ್ಕೈದು ಸಾವಿರ ವರ್ಷದ್ದು, ನೀವೆಲ್ಲ ಪುಣ್ಯವಂತರು ಎಂದರು. ಅಲ್ಲಿಯವರೆಗೆ ಎಡವುತ್ತಿದ್ದ ಜನ ಅಂದಿನಿಂದ ಎಡವಿದಾಗ ಕೈಮುಗಿಯತೊಡಗಿದರು. ಭುಜಂಗರಾಯರು ಒಂದು ಪ್ರಾಚೀನ ನಗರ ಸ್ವಾಗತ ಸಮಿತಿ ಮಾಡಿ ತಾವೇ ಅಧ್ಯಕ್ಷರಾದರು. ಪ್ರೊಫೆಸರರು ಮನೆಮನೆಗೆ ಹೋಗಿ ಎದ್ದದ್ದನ್ನು ನೋಡಿ ಹೆಸರು ಹೇಳುವುದು, ಆ ಹೆಸರನ್ನು ನಾನು ಬೋರ್ಡು ಬರೆದು ಬಾಗಿಲಿಗೆ ಹೊಡೆಯುವುದು, ಇದು ಏರ್ಪಾಡು.

ಪ್ರೊಫೆಸರರ ಕಣ್ಣಿಗೆ ಯಾವ ವಸ್ತುವೂ ಸುಮ್ಮನೆ ವಸ್ತುವಾಗಿ ಕಂಡದ್ದೇ ಇಲ್ಲ. ಬಟ್ಟಲು ಸಿಕ್ಕರೆ ಅದು ಯಜ್ಞಕ್ಕೆ. ಬಾಚಣಿಗೆ ಸಿಕ್ಕರೆ ಅದು ರಾಣಿಯ ಪಟ್ಟಾಭಿಷೇಕಕ್ಕೆ. ಒಂಟಿಕೋಡಿನ ಪ್ರಾಣಿಯ ಮುದ್ರೆ ಸಿಕ್ಕ ಕಿರಾಣಿ ಅಂಗಡಿಯವನು ರಾತ್ರೋರಾತ್ರಿ 'ರಾಜಮುದ್ರಾಧಿಕಾರಿ'ಯಾದ. ಮುದ್ರೆಯ ಮೇಲಿನ ಅಕ್ಷರ ಯಾರಿಗೂ ಓದಲು ಬರುವುದಿಲ್ಲವಾದ್ದರಿಂದ ಅದರಲ್ಲಿ ತನ್ನ ಮನೆತನದ ಹೆಸರಿದೆ ಎಂದು ಅವನು ಹೇಳಿದಾಗ ಯಾರೂ ಅಲ್ಲವೆನ್ನಲಿಲ್ಲ. ತುಂಬ ತೂತುಗಳಿದ್ದ ಒಂದು ಮಡಕೆ ಒಬ್ಬಾಕೆಯ ಮನೆಯಲ್ಲಿ ಎದ್ದಿತ್ತು. ಆಕೆ ಅದರಲ್ಲಿ ಅನ್ನ ಬಸಿಯುತ್ತಿದ್ದಳು. ಪ್ರೊಫೆಸರರು ಅದನ್ನು 'ನಕ್ಷತ್ರಕುಂಭ' ಎಂದರು. ಬೋರ್ಡು ಬಿದ್ದಮೇಲೆ ಅದರಲ್ಲಿ ಅನ್ನ ಬಸಿಯುವುದು ಹೇಗೆ? ಅಂದಿನಿಂದ ಆ ಮನೆಯವರು ಗಂಜಿಯಂಥ ಅನ್ನವನ್ನು ಗೌರವದಿಂದ ಉಣ್ಣುತ್ತಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಹೆಸರು ಸಿಕ್ಕಿದ್ದು ವಾಡೆಗೆ. ವಾಡೆಯ ಹಿಂಭಾಗದ ಹಜಾರದಲ್ಲಿ ರಾಯರ ಅಜ್ಜನ ಕಾಲದಿಂದಲೂ ಒಂದು ಇಟ್ಟಿಗೆಯ ಕಟ್ಟೆ ಎದ್ದು ನಿಂತಿತ್ತು. ಚೌಕ, ಮೊಣಕಾಲೆತ್ತರ. ಇಟ್ಟಿಗೆಯ ನಡುವೆ ಉಗುರು ಕೂಡ ಹೋಗದಂಥ ನಯ. ಮೇಲ್ಮೈ ಒಂದು ಮೂಲೆಯ ಕಡೆಗೆ ಸ್ವಲ್ಪ ಇಳಿಜಾರು, ಆ ಮೂಲೆಯಲ್ಲಿ ಒಂದು ತೂತು. ಪ್ರೊಫೆಸರರು ಅದರ ಸುತ್ತ ಪ್ರದಕ್ಷಿಣೆ ಹಾಕಿ, "ಸಿಂಹಾಸನ" ಎಂದರು. ಇಳಿಜಾರು ಯಾಕೆ ಎಂದು ಯಾರೋ ಕೇಳಿದರು. ರಾಜ ಕೂತಾಗ ಪ್ರಜೆಗಳ ಕಡೆಗೆ ತುಸು ಬಾಗಿದಂತೆ ಕಾಣಲಿ ಎಂದು. ಹಾಗಾದರೆ ತೂತು? ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡು, "ರಾಜದಂಡ ನಿಲ್ಲಿಸೋದಕ್ಕೆ" ಎಂದರು. ರಾಯರ ಕಣ್ಣಲ್ಲಿ ನೀರು ಬಂತು. ಆ ವಾರವೇ ಬೆಳ್ಳಿಯ ಹಿಡಿ ಹಾಕಿದ ಒಂದು ದಂಡ ಮಾಡಿಸಿದರು. ತೂತಿಗೆ ಸಡಿಲಾಯಿತೆಂದು ಬುಡಕ್ಕೆ ಬಟ್ಟೆ ಸುತ್ತಿ, ಬಿಗಿಯಾಗಿ ಕೂರಿಸಿದರು. ಸಂಜೆಹೊತ್ತು ಸಿಂಹಾಸನದ ಮೇಲೆ ಕೂತು ಊರವರ ಅಹವಾಲು ಕೇಳುವ ರೂಢಿ ಶುರುವಾಯಿತು. ನಾನು 'ದರ್ಬಾರು' ಎಂದು ಬಂಗಾರದ ಬಣ್ಣದಲ್ಲಿ ಬರೆದೆ. ನನ್ನ ಕೈಗೆ ಬಂದ ಮೊದಲ ಬಂಗಾರದ ಬಣ್ಣ ಅದು, ಬಲು ಹುರುಪಿನಿಂದಲೇ ಬರೆದೆ.

ಅದನ್ನು ಮೆಚ್ಚದವರು ಆ ಮನೆಯಲ್ಲಿ ಒಬ್ಬರೇ, ರಾಯರ ತಾಯಿ ತಾರಾಬಾಯಿ. ಕಣ್ಣು ಮಂದವಾಗಿ, ಕಿವಿ ಪೂರಾ ಹೋಗಿ, ಹಜಾರದ ಮೂಲೆಯಲ್ಲಿ ಒಂದು ಮಂಚದ ಮೇಲೆ ಕೂತಿರುತ್ತಿದ್ದರು. ನಾನು ಬೋರ್ಡು ಹೊಡೆಯುವಾಗ, "ಯಾರಂವಾ? ಬಚ್ಚಲ ಯಾಕ ಹಿಂಗ ಒಣಗ್ಯದ? ಯಾರೂ ನೀರ ಕಾಯ್ಸಂಗಿಲ್ಲೇನು ಈ ಮನ್ಯಾಗ?" ಎಂದು ಗೊಣಗುತ್ತಿದ್ದರು. "ವಯಸ್ಸಾಗ್ಯದ, ತೆಲಿ ನೆಟ್ಟಗಿಲ್ಲ" ಎಂದು ರಾಯರು ನಕ್ಕರು. ನಾನೂ ನಕ್ಕೆ.

ಸಿಂಹಾಸನ ಸಿಕ್ಕಿತು ಎಂದಮೇಲೆ ಅರಮನೆ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಊರ ತುಂಬ ಎದ್ದದ್ದು ಮನೆಗಳೇ. ಈ ತುದಿಯಿಂದ ಆ ತುದಿಗೆ ನೋಡಿದರೂ ಒಂದಕ್ಕಿಂತ ಒಂದು ದೊಡ್ಡದಲ್ಲ. ಗುಡಿಯೆಂದು ಕರೆಯಬಹುದಾದದ್ದು ಇಲ್ಲ, ಕೋಟೆಯ ಕೊತ್ತಲವಿಲ್ಲ, ರಾಜನ ಮೂರ್ತಿಯಿಲ್ಲ. ಹಳಬರು ಒಬ್ಬ ರಾಜನೂ ಇಲ್ಲದೆ ಇಷ್ಟು ನೆಟ್ಟಗಿನ ಬೀದಿ ಹೇಗೆ ಹಾಕಿದರು ಎಂಬುದು ನಮ್ಮವರ ತಲೆಗೆ ಹೋಗಲೇ ಇಲ್ಲ. ನಮ್ಮಲ್ಲಿ ಅಧ್ಯಕ್ಷರಿದ್ದೂ ಬೀದಿ ಸೊಟ್ಟಗಿದೆ. ಸಮಿತಿಯ ಸಭೆಯಲ್ಲಿ ಇದರ ಮೇಲೆ ಬಹಳ ಚರ್ಚೆಯಾಗಿ, ಕಡೆಗೆ ಭುಜಂಗರಾಯರೇ ಎದ್ದು ನಿಂತು ಗಂಟು ಬಿಡಿಸಿದರು. "ಸಿಂಹಾಸನ ಇರೂದು ನಮ್ಮ ಹಜಾರದಾಗ. ಅದರ ಹಿಂದ ಏನದ? ಹಿಂದಿನ ಓಣಿ. ಅಲ್ಲೆ ಏನೆದ್ದದ? ಬರೇ ಗಟಾರ. ಅಂದ್ರ ಅರಮನಿ ಅಲ್ಲೇ ಕೆಳಗದ, ಆದ್ರ ಏಳವಲ್ದು. ಯಾಕ ಏಳವಲ್ದು? ಆ ಮಂದಿ ಅದರ ಮ್ಯಾಲ ಕುಂತಾರ!"

ಸಭೆ ಚಪ್ಪಾಳೆ ಹೊಡೆಯಿತು. ಇಷ್ಟು ದಿನ ಇದು ನಮಗೆ ಹೊಳೆಯಲೇ ಇಲ್ಲವಲ್ಲ ಎಂದು ಎಲ್ಲರೂ ತಲೆತಲೆ ಬಡಿದುಕೊಂಡರು. ಅರಮನೆಯ ಮೇಲೆ ಜನದ ಭಾರ, ಪಾತ್ರೆಪಗಡೆಯ ಭಾರ, ಆಡುಕುರಿಗಳ ಭಾರ. ಪಾಪ, ಅದಾದರೂ ಹೇಗೆ ಎದ್ದೀತು? ಆ ಓಣಿಯಲ್ಲಿ ಬೋರ್ಡು ಇಲ್ಲದ ಮನೆಗಳವರು ಬರುವ ಹುಣ್ಣಿಮೆಯೊಳಗೆ ಜಾಗ ಬಿಟ್ಟು ಇಟ್ಟಿಗೆ ಭಟ್ಟಿಯ ಆಚೆಯ ಬಯಲಿಗೆ ಹೋಗಬೇಕೆಂದು ಠರಾವಾಯಿತು. ಹಿಂದಿನ ಓಣಿಯಲ್ಲಿ ಒಂದು ಮನೆಗೂ ಬೋರ್ಡಿರಲಿಲ್ಲ. ಊರಿಗೆಲ್ಲ ಬೋರ್ಡು ಬರೆದವನ ಮನೆಗೂ ಇರಲಿಲ್ಲ.

ಆ ನೋಟೀಸಿನ ಬೋರ್ಡು ಬರೆಯುವ ಕೆಲಸವೂ ನನಗೇ ಬಂತು. ಬೇರೆ ಪೇಂಟರ್ ಊರಲ್ಲಿಲ್ಲ. 'ಅರಮನೆಯ ಜಾಗ. ಖಾಲಿ ಮಾಡಿರಿ.' ಬರೆದು ಓಣಿಯ ಬಾಯಿಗೆ ನೆಟ್ಟು ಮನೆಗೆ ಬಂದಾಗ ಕಾಶವ್ವ ಬಾಗಿಲಲ್ಲೇ ನಿಂತಿದ್ದಳು. ಅವಳು ಓದಿಯಾಗಿತ್ತು. "ಅಕ್ಷರ ಭಾಳ ಚಂದ ಬಂದಾವ" ಎಂದಳು. ಅವಳು ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದುಹೋದೆ.

ಆ ಮನೆಯೆಂದರೆ ಅವಳಿಗೆ ಜೀವ. ಅವಳು ಎಡವಿದ್ದ ಇಟ್ಟಿಗೆ ಒಂದಲ್ಲ, ಅದರ ಜೊತೆಗಾರರು ಒಂದೊಂದಾಗಿ ಎದ್ದು ಅಡುಗೆಮನೆಯ ಮೂಲೆಯಲ್ಲಿ ಒಂದು ಒಲೆಯಾಗಿದ್ದವು. ಮೂರು ಕಡೆ ಮರೆ, ಒಳಗೆ ಮಸಿ ಹಿಡಿದ ಕುರುಹು. ಕಾಶವ್ವ ಹೊಸ ಒಲೆ ಹೂಡುವ ಗೋಜಿಗೇ ಹೋಗದೆ ಅದರಲ್ಲೇ ಬೆಂಕಿ ಹಾಕಿದ್ದಳು. ರೊಟ್ಟಿ ಎಷ್ಟು ಚೆನ್ನಾಗಿ ಉಬ್ಬುತ್ತಿದ್ದವೆಂದರೆ ಅವಳು ಹಳಬರನ್ನು ನೆರೆಮನೆಯವರಂತೆ ಹೊಗಳುತ್ತಿದ್ದಳು. ಒಲೆಯ ಒಂದು ಇಟ್ಟಿಗೆಯ ಮೇಲೆ ನಾಯಿಯ ಹೆಜ್ಜೆ ಇತ್ತು. ಇಟ್ಟಿಗೆ ಹಸಿಯಿದ್ದಾಗ ಯಾವುದೋ ನಾಯಿ ಅದರ ಮೇಲೆ ನಡೆದುಹೋಗಿದೆ. "ಅಕಿನೂ ನನ್ನಂಗ ಬೈದಿರಬೇಕು ನೋಡು, ಏ ನಾಯಿ, ಈಗಷ್ಟ ಹಾಕಿದ್ದೆ ಅಂತ" ಎಂದು ಕಾಶವ್ವ ಎಷ್ಟೋ ಸಲ ಆ ಹೆಜ್ಜೆಯ ಮೇಲೆ ಬೆರಳಿಟ್ಟು ನಗುತ್ತಿದ್ದಳು. ಒಲೆಯ ಪಕ್ಕದಲ್ಲೇ ಇಟ್ಟಿಗೆಯ ಗಟಾರ. ಓಣಿಯ ಮನೆಗಳೆಲ್ಲವನ್ನೂ ಹಾದು, ನಮ್ಮಲ್ಲಿ ಬಂದು, ವಾಡೆಯ ಗೋಡೆಯ ಕೆಳಗೆ ನುಗ್ಗುತ್ತಿತ್ತು. ಪ್ರಾಚೀನ ಗಟಾರಕ್ಕೆ ಯಾರೂ ನೀರು ಬಿಡಕೂಡದು ಎಂದು ಸಮಿತಿಯ ಆಜ್ಞೆ. ಆದ್ದರಿಂದ ಓಣಿಯ ಹೆಂಗಸರು ಗಟಾರವನ್ನು ಗುಡಿಸಿ ಒಣಗಿಸಿಟ್ಟು, ಬಚ್ಚಲ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಬೀದಿಗೆ ಚೆಲ್ಲುತ್ತಿದ್ದರು.

ನಾನು ಪ್ರೊಫೆಸರರ ಕೈಕಾಲು ಹಿಡಿದು ಮನೆಗೆ ಕರೆತಂದೆ. ಒಂದು ಹೆಸರು ಕೊಟ್ಟರೆ ಸಾಕು, ಎಂಥದಾದರೂ ಸರಿ, ಬೋರ್ಡು ನಾನೇ ಬರೆದುಕೊಳ್ಳುತ್ತೇನೆ ಎಂದೆ. ಅವರು ಒಲೆಯ ಮುಂದೆ ಕೂತು ಭೂತಗನ್ನಡಿ ಹಿಡಿದರು. ಕಾಶವ್ವ ಪಕ್ಕದಲ್ಲೇ ನಿಂತಿದ್ದಳು.

"ಒಲೆ" ಎಂದರು ಪ್ರೊಫೆಸರರು.

"ಯಜ್ಞದ್ದೇನ್ರಿ?" ಎಂದು ನಾನು ಆಸೆಯಿಂದ ಕೇಳಿದೆ.

"ಅಡುಗೆದಪ್ಪಾ. ಒಲೆ ಎಲ್ಲರ ಮನೇಲೂ ಇರುತ್ತೆ. ಇದಕ್ಕೇನು ಬೋರ್ಡ್ ಹಾಕೋದು?"

"ಮತ್ತ ಇದು?" ಎಂದು ಕಾಶವ್ವ ಗಟಾರ ತೋರಿಸಿದಳು.

"ಇದು ಚರಂಡಿ ಕಣಮ್ಮ."

"ಬಾಚಣಿಕಿಗೆ ಪಟ್ಟಾಭಿಷೇಕ ಕೊಟ್ರಿ. ನಮ್ಮ ಗಟಾರಕ್ಕ ಒಂದ ಪೂಜಿನೂ ಇಲ್ಲೇನ್ರಿ?"

"ಇಲ್ಲಮ್ಮ. ಇದು ಬರೀ ಚರಂಡಿ." ಅವರ ದನಿಯಲ್ಲಿ ನಿಜವಾದ ದುಃಖವಿತ್ತು. ಊರಿಗೆ ಬಂದಾಗಿನಿಂದ ಅವರು ಒಂದು ವಸ್ತುವನ್ನು ಅದರ ಹೆಸರಿನಿಂದ ಕರೆದದ್ದು ಅಂದೇ ಮೊದಲು. ಅದೂ ನಮ್ಮ ಮನೆಯಲ್ಲೇ ಆಗಬೇಕಿತ್ತೆ!

ಹುಣ್ಣಿಮೆಯ ಬೆಳಗು ಬಂತು. ಮನೆ ಬಿಡುವವರು ಆ ಮನೆಯಲ್ಲಿ ಕಡೆಯ ಸಲ ಎರೆದುಕೊಂಡು, ಹಂಡೆ ಕೊಡಗಳಲ್ಲಿ ಉಳಿದದ್ದನ್ನೆಲ್ಲ ಒಳಗೇ ಚೆಲ್ಲಿ ಹೋಗಬೇಕಲ್ಲ, ಓಣಿಯ ತುಂಬ ನಸುಕಿನಲ್ಲೇ ಹಂಡೆಗಳ ಕೆಳಗೆ ಉರಿ ಎದ್ದಿತ್ತು. ಸೀಗೆಕಾಯಿಯ ವಾಸನೆ, ಹೊಗೆ, ಹೆಂಗಸರು ಮೂಗೆಳೆಯುವ ಸದ್ದು. ಮುದುಕರಿಂದ ಕೂಸಿನವರೆಗೆ ಎಲ್ಲರ ತಲೆಗೂ ನೀರು. ಹೋಗುವ ದಿನ ಸಮಿತಿಯ ಆಜ್ಞೆಯನ್ನು ಯಾರು ಕೇಳುತ್ತಾರೆ? ಆ ನೀರೆಲ್ಲ ಒಳಗಿನ ಗಟಾರಕ್ಕೇ ಹೋಗುವುದಿತ್ತು. ನನಗೆ ಅದನ್ನು ನೋಡುತ್ತ ನಿಲ್ಲುವ ಭಾಗ್ಯವೂ ಇರಲಿಲ್ಲ. ಅರಮನೆಗೆ ಹಾದಿ ಮಾಡಿಕೊಟ್ಟವರೆಂದು ಭುಜಂಗರಾಯರಿಗೆ ಅಂದೇ ಬಿರುದು ಕೊಡುವುದಿತ್ತು. ಸಿಂಹಾಸನದ ಹಿಂದಿನ ಗೋಡೆಯ ಮೇಲೆ 'ಸಾಮ್ರಾಟ' ಎಂದು ಬರೆಯಲು ಬೆಳಿಗ್ಗೆಯೇ ಬಾ ಎಂದು ಹೇಳಿಕಳಿಸಿದ್ದರು. ಹೋಗುವಾಗ ಕಾಶವ್ವ ಕೇಳಿದಳು, "ನಿನ್ನ ಬ್ರಷ್ ತೊಳೆದ ಡಬ್ಬಿ ನೀರೂ ಇಲ್ಲೇ ಚೆಲ್ಲಲೇನು?" ನೋಟೀಸಿಗೆ ಬಳಸಿದ್ದ ನೀಲಿ ಅದರಲ್ಲಿತ್ತು. "ಅದೂ ಈ ಮನಿ ನೀರ ಅಲ್ಲೇನು, ಚೆಲ್ಲು" ಎಂದು ಹೇಳಿ, ಅವಳ ಮುಖ ನೋಡಲಾರದೆ ಹೊರಟೆ.

ಹಜಾರ ತುಂಬಿತ್ತು. ಪಂಚರು ಸಾಲಾಗಿ ಕೂತಿದ್ದರು. ಪ್ರೊಫೆಸರರ ಕೊರಳಲ್ಲಿ ಹಾರ. ಬಾಗಿಲ ಹತ್ತಿರ ಮಲ್ಹಾರಿ, ರಾಯರ ಹೊಸ ನಿಲುವಂಗಿಗೆ ಕಡೆಯ ಹೊಲಿಗೆ ಹಾಕಿ ಕೊಟ್ಟು, ಸೂಜಿ ಕಚ್ಚಿಕೊಂಡು ನಿಂತಿದ್ದ. ರಾಯರು ಆ ನಿಲುವಂಗಿಯಲ್ಲಿ ಸಿಂಹಾಸನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಿಂದ ರಾಜದಂಡ ಹಿಡಿದಿದ್ದರು. ನಾನು ಏಣಿಯ ಮೇಲೆ ನಿಂತು 'ಸಾಮ್ರಾ' ಬರೆದು ಮುಗಿಸಿ 'ಟ'ಕ್ಕೆ ಬ್ರಷ್ ಅದ್ದಿದೆ.

ಮೊದಲು ದಂಡ ಅಲುಗಿತು. ರಾಯರು ತಾವೇ ಅಲುಗಿಸಿದೆವೇನೋ ಎಂದು ಬಿಗಿಹಿಡಿದರು. ಅದು ಇನ್ನೊಮ್ಮೆ ಅಲುಗಿತು. ಕೆಳಗಿನಿಂದ ಗುಡುಗುಡು ಸದ್ದು. "ಏಳ್ಲಿಕ್ಹತ್ತದ! ಅರಮನಿ ಏಳ್ಲಿಕ್ಹತ್ತದ!" ಎಂದು ರಾಯರು ಕೂಗಿದರು. ಸಭೆ ಎದ್ದು ನಿಂತು ಕೈಮುಗಿಯಿತು. ಆಗ ರಾಜದಂಡ ಬಟ್ಟೆಸಮೇತ ತೂತಿನಿಂದ ಚಿಮ್ಮಿ ಪಂಚರ ಕಾಲಮೇಲೆ ಬಿತ್ತು, ಅದರ ಹಿಂದೆಯೇ ಬಿಸಿನೀರು ಬುಗ್ಗೆಯಂತೆ ಎದ್ದಿತು. ಸೀಗೆಕಾಯಿಯ ನೊರೆ, ಅರಿಸಿನ, ಉದುರಿದ ಕೂದಲು, ಕೂಸಿನ ಎಣ್ಣೆಯ ಜಿಡ್ಡು. ಇಡೀ ಹಿಂದಿನ ಓಣಿಯ ಸ್ನಾನ ರಾಯರ ಮಡಿಲಿಗೆ ಬಂತು. ಗಟಾರದ ಮುಂದಿನ ತುದಿ ಇನ್ನೂ ನೆಲದೊಳಗೇ ಹೂತಿದ್ದಿತು, ಆ ನೀರಿಗೆ ಬೇರೆ ಎಲ್ಲಿ ದಾರಿ? ರಾಯರು ನೆಗೆದೆದ್ದು, "ತೂತ ಮುಚ್ಚರ್ಯೋ! ಮುಚ್ಚರ್ಯೋ!" ಎಂದರು. ಪಂಚರು ಮುಂದೆ ಬಂದು, ಹಾಗೇ ನಿಂತರು. ಎದ್ದದ್ದನ್ನು ಮುಚ್ಚುವಂತಿಲ್ಲ. ರಾಯರ ಅಜ್ಜನ ಕಟ್ಟಳೆ. ಅಜ್ಜನ ಪಟ ಗೋಡೆಯ ಮೇಲಿಂದ ನೋಡುತ್ತಿತ್ತು.

ಎಲ್ಲರೂ ಪ್ರೊಫೆಸರರ ಕಡೆ ತಿರುಗಿದರು. "ಕಾರಂಜಿ... ರಾಜಕಾರಂಜಿ..." ಎಂದು ಅವರು ತೊದಲುತ್ತಿದ್ದಾಗ ತಾರಾಬಾಯಿ ಮಂಚದಿಂದ ಇಳಿದರು. ನೆಲದ ಮೇಲೆ ಹರಿದುಬಂದ ಬಿಸಿನೀರು ಅವರ ಪಾದಕ್ಕೆ ತಾಕಿತ್ತು. ಗೋಡೆ ಹಿಡಿದುಕೊಂಡು ಬಂದರು, ಮಗನನ್ನು ಪಕ್ಕಕ್ಕೆ ಸರಿಸಿದರು, ಸಿಂಹಾಸನದ ಮೇಲೆ ಕೂತರು, ಸೀರೆಯುಟ್ಟಂತೆಯೇ ಬೊಗಸೆಯಲ್ಲಿ ನೀರೆತ್ತಿ ಹೆಗಲಿಗೆ ಹಾಕಿಕೊಂಡರು. "ಅಂತೂ ನೀರ ಕಾಯ್ಸಿದ್ರಲ್ಲಾ" ಎಂದು ಅವರ ಮುಖ ಅರಳಿತು. "ನಾ ಮದುವಿ ಆಗಿ ಬಂದಾಗ ದಿನಾ ಇಲ್ಲೇ ಜಳಕಾ ಮಾಡ್ತಿದ್ವಿ. ಎಷ್ಟ ಚಂದನ ಬಚ್ಚಲ! ಮಾವನವರ ತೆಲಿಗೆ ಅದೇನ ಹೊಕ್ಕಿತೋ, ಬಂದ್ ಮಾಡಿಸಿಬಿಟ್ರು. ಯಾರರ ಬೆನ್ನ ತಿಕ್ಕ ಬರ್ರೇ."

ಆ ಇಳಿಜಾರು ಯಾಕೆ, ಆ ತೂತು ಯಾಕೆ ಎಂದು ಹಜಾರಕ್ಕೆ ಹಜಾರವೇ ಒಟ್ಟಿಗೆ ತಿಳಿಯಿತು. ಯಾರೂ ನಗಲಿಲ್ಲ. ನಗು ಬಂದವರು ಕೆಮ್ಮಿದರು.

ಇಷ್ಟಕ್ಕೇ ನಿಂತಿದ್ದರೆ ರಾಯರು ಹೇಗೋ ಸಾವರಿಸಿಕೊಳ್ಳುತ್ತಿದ್ದರು. ಅರಮನೆಗೂ ಬಚ್ಚಲು ಇರುವುದಿಲ್ಲವೇ? ಆದರೆ ಪ್ರೊಫೆಸರರಿಗೆ ಏನಾಯಿತೋ! ಕೊರಳ ಹಾರ ಕಿತ್ತೆಸೆದು, ಕಟ್ಟೆಯ ಪಕ್ಕದಲ್ಲಿ ಬೋರಲು ಮಲಗಿ, ನೀರಲ್ಲಿ ಕೈಯಾಡಿಸಿ, ಇಟ್ಟಿಗೆಯ ಸಾಲು ಹಿಡಿದು ಹಿಂದಿನ ಗೋಡೆಯವರೆಗೆ ತೆವಳಿದರು. ಅಲ್ಲಿಂದ ಎದ್ದು ಹೊರಗೆ ಓಡಿದರು. ಅವರ ಹಿಂದೆ ನಾನು, ನನ್ನ ಹಿಂದೆ ಸಭೆ. ಓಣಿ ಸುತ್ತಿ ಸೀದಾ ನಮ್ಮ ಅಡುಗೆಮನೆಗೆ ನುಗ್ಗಿದರು. ಗಂಟುಮೂಟೆ ಕಟ್ಟಿಟ್ಟು, ಒದ್ದೆ ಕೂದಲು ಇಳಿಬಿಟ್ಟುಕೊಂಡು ಒಲೆಯ ಮುಂದೆ ಕೂತಿದ್ದ ಕಾಶವ್ವ ಗಾಬರಿಯಾಗಿ ಎದ್ದಳು. ಪ್ರೊಫೆಸರರು ಗಟಾರ ಮುಟ್ಟಿದರು, ಗೋಡೆ ಮುಟ್ಟಿದರು, ಒಲೆ ಮುಟ್ಟಿದರು, ನಾಯಿಯ ಹೆಜ್ಜೆ ಮುಟ್ಟಿ ಹುಡುಗನಂತೆ ಕಿಲಕಿಲ ನಕ್ಕರು.

"ಒಂದೇ ಮನೆ! ಅಲ್ಲಿಯ ಇಟ್ಟಿಗೆ ಸಾಲು ಇಲ್ಲಿ ಬಂದು ತಿರುಗುತ್ತೆ ನೋಡಿ. ಅಲ್ಲಿ ಬಚ್ಚಲು, ಇಲ್ಲಿ ಅಡುಗೆಮನೆ, ನಡುವೆ ಚರಂಡಿ. ನನ್ನ ಜೀವಮಾನದಲ್ಲಿ ಒಂದು ಪೂರ್ತಿ ಮನೆ ನೋಡಿರಲಿಲ್ಲ! ಒಂದೇ ಮನೆ ಇದು!" ಅವರ ಕಣ್ಣು ತುಂಬಿತ್ತು. ಪಾಪ, ಇಷ್ಟು ವರ್ಷ ಎಲ್ಲವನ್ನೂ ಸಿಂಹಾಸನ ಕಿರೀಟ ಮಾಡಿ ಮಾಡಿ, ಒಂದು ಮನೆ ಮನೆಯಾಗಿ ಕಂಡದ್ದಕ್ಕೆ ಅವರಿಗಾದ ಸಂತೋಷ ನೋಡಿ ನನಗೇ ಅವರ ಮೇಲಿನ ಸಿಟ್ಟು ಇಳಿಯಿತು.

ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡರು. ಅಡುಗೆಮನೆಯಲ್ಲಿ, ಬಾಗಿಲಲ್ಲಿ, ಓಣಿಯಲ್ಲಿ ಸೂಜಿ ಬಿದ್ದರೂ ಕೇಳಬೇಕು ಅಂಥ ಮೌನ. ಬಿದ್ದದ್ದೂ ಸೂಜಿಯೇ. ಮಲ್ಹಾರಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿ, ಗಂಟಲು ಸರಿಮಾಡಿಕೊಂಡು, ಬಹಳ ಮೆತ್ತಗೆ ಕೇಳಿದ:

"ಒಲಿ ಯಾರ ಕಡೆ ಎದ್ದೈತ್ರಿ?"

ಒಲೆ ಅಲ್ಲೇ ಇತ್ತು. ಒದ್ದೆ ನಿಲುವಂಗಿಯಲ್ಲಿ ನಡುಗುತ್ತ ಬಂದು ನಿಂತಿದ್ದ ಭುಜಂಗರಾಯರನ್ನು ಪಂಚರು ನೋಡಿದರು, ಕಾಶವ್ವಳನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಕಾಲುಬೆರಳು ನೋಡಿಕೊಂಡರು. ಮಲ್ಹಾರಿಯ ಕೋಣೆಗೆ ತೀರ್ಪು ಕೊಟ್ಟವರು ಅವರೇ. ರಾಯರ ನಿಲುವಂಗಿಯ ಅಂಚಿನಿಂದ ನೀಲಿ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ನೋಟೀಸಿನ ನೀಲಿ.

"ಅಂದ್ರ... ನಾವು ಎಲ್ಲೆ ಹೋಗೂದು?" ಎಂದರು ರಾಯರು. ಆ ಮಾತನ್ನು ನಮ್ಮ ಓಣಿ ಒಂದು ತಿಂಗಳಿನಿಂದ ಕೇಳುತ್ತಿತ್ತು. ಅವರ ಬಾಯಲ್ಲಿ ಅದು ಹೊಸದಾಗಿತ್ತು.

ಗೋಡೆಯ ಆಚೆಯಿಂದ ತಾರಾಬಾಯಿಯ ದನಿ ಬಂತು. "ಯಾರೂ ಇಲ್ಲೇನೇ? ಬೆನ್ನ ತಿಕ್ಕ ಬರ್ರೇ, ನೀರ ಆರ್ಲಿಕ್ಹತ್ತದ!"

ಕಾಶವ್ವ ಕೂದಲನ್ನು ಗಂಟು ಹಾಕಿದಳು. ಕಟ್ಟಿದ್ದ ಗಂಟು ಬಿಚ್ಚಿ ಅದರೊಳಗಿಂದ ಸೀಗೆಪುಡಿಯ ಡಬ್ಬಿ ತೆಗೆದುಕೊಂಡಳು. "ನಮ್ಮ ಬಚ್ಚಲದಾಗ ಹಿರೇ ಜೀವ ಒಂದ ಹಸೀ ಮೈಲೆ ಕುಂತೈತಿ, ನೀವೆಲ್ಲಾ ಇಲ್ಲಿ ನಿಂತ ನ್ಯಾಯ ಮಾಡ್ರಿ" ಎಂದು, ದಾರಿಯಲ್ಲಿದ್ದ ಪಂಚರನ್ನು ಸರಿಸಿಕೊಂಡು ವಾಡೆಗೆ ಹೋದಳು. ಹಾಗೆ ಹಿಂದಿನ ಓಣಿಯ ಹೆಂಗಸೊಬ್ಬಳು ಮುಂಬಾಗಿಲಿನಿಂದ ವಾಡೆಯ ಒಳಗೆ ಹೋದದ್ದು ಅದೇ ಮೊದಲು.

ತಾರಾಬಾಯಿಗೆ ತಲೆ ಒರೆಸಿ, ಒಣ ಸೀರೆ ಉಡಿಸಿದ ಮೇಲೆಯೇ ಅವಳು ರಾಯರಿಗೆ ಉತ್ತರ ಕೊಟ್ಟಳು. "ಎಲ್ಲೂ ಹೋಗಬ್ಯಾಡ್ರಿ. ಇರ್ರಿ. ಯಾರೂ ಎಲ್ಲೂ ಹೋಗೂದ ಬ್ಯಾಡ. ಮಲ್ಹಾರಿ ಅಣ್ಣನ ಖೋಲಿ ಖಾಲಿ ಮಾಡ್ರಿ. ಮತ್ತ ನಮ್ಮ ಜಳಕದ ಹೊತ್ತಿನ್ಯಾಗ ಹೊರಗ ಹೋಗಿ ಕುಂದರ್ರಿ." ಓಣಿಯ ಹೆಂಗಸರು ಅಂದೇ ಗಂಟು ಬಿಚ್ಚಿದರು. ಖಾಲಿ ಹಂಡೆಗಳಿಗೆ ಮತ್ತೆ ನೀರು ತುಂಬುವ ಸದ್ದು ಕೇಳಿ ನಾನು ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ.

ಗಟಾರದ ಮುಂದಿನ ತುದಿ ಬರುವ ವರ್ಷ ಎದ್ದೀತೆಂದು ಪ್ರೊಫೆಸರರು ಹೇಳುತ್ತಾರೆ. ಅಲ್ಲಿಯವರೆಗೆ ಆಗಾಗ ನೀರು ಕಟ್ಟುತ್ತದೆ. ಆಗ ಕಾಶವ್ವ ರಾಜದಂಡ ತರಿಸಿ ತೂತಿನೊಳಗೆ ಆಡಿಸುತ್ತಾಳೆ. ಅದರ ಉದ್ದ ಅದಕ್ಕೆ ಹೇಳಿ ಮಾಡಿಸಿದಂತಿದೆ. ರಾಯರು ಬೆಳಗಿನ ಹೊತ್ತು ಮಲ್ಹಾರಿ ಬಿಟ್ಟುಕೊಟ್ಟ ಜಗಲಿಯಲ್ಲಿ ಕೂತು, ಒಳಗೆ ಹೆಂಗಸರ ಸ್ನಾನ ಮುಗಿಯುವುದನ್ನೇ ಕಾಯುತ್ತಾರೆ. ಸಮಿತಿ ಇನ್ನೂ ಇದೆ. ಅರಮನೆ ಶಾಲೆಯ ಕೆಳಗಿರಬಹುದೆಂದು ಈಗ ಅನುಮಾನ.

ಹಜಾರದ ಗೋಡೆಯ ಮೇಲೆ ನಾನು ಬರೆದ 'ಸಾಮ್ರಾ' ಬಹಳ ದಿನ ಹಾಗೇ ಇತ್ತು. ಒಂದು ದಿನ ಕಾಶವ್ವ, "ಅದನ್ನ ಅಳಿಸಿ ಸರಿಯಾಗಿ ಬರಿ, ಹೊಸಬರು ಬಂದ್ರ ತಿಳೀಬೇಕು" ಎಂದಳು. ನಾನು ಏಣಿ ಹತ್ತಿದೆ. ರಾಯರು ಕೆಳಗೆ ಬಂದು ನಿಂತು, ಯಾರೂ ಕೇಳದಂತೆ, "ಯಮನಪ್ಪಾ, ರಾಜಬಚ್ಚಲ ಅಂತರ ಬರಿಯೋ" ಎಂದು ಅಂಗಲಾಚಿದರು. ಕಾಶವ್ವಳ ಕಡೆ ನೋಡಿದೆ. ಅವಳು ತಲೆಯಾಡಿಸಿ ಬೇಡವೆಂದಳು.

ಬಂಗಾರದ ಬಣ್ಣ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. 'ಬಚ್ಚಲು' ಎಂದು ಅದರಲ್ಲೇ ಬರೆದೆ. ಇಷ್ಟು ವರ್ಷಗಳಲ್ಲಿ ನಾನು ಬರೆದ ಬೋರ್ಡುಗಳ ಪೈಕಿ ಎದೆತಟ್ಟಿ ನನ್ನದು ಎಂದು ಹೇಳಿಕೊಳ್ಳುವುದು ಅದೊಂದನ್ನೇ.